ಡಮ್ಮಿ ಔಟ್‌ಪುಟ್ ಮತ್ತು ಡೀಬಗ್‌ಎಡಿಟ್ ದೋಷ: ಪ್ರತಿಕ್ರಿಯೆ

ಹಳೆಯ ಆರ್ಚ್ ಲಿನಕ್ಸ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಒಂದು ಆವೃತ್ತಿ) ಇರುವ ಡಿಸ್ಕನ್ನು ಹೊಸ ಇಂಟೆಲ್ ಲ್ಯಾಪ್‌ಟಾಪ್‌ಗೆ ಹಾಕಿದ ಮೇಲೆ ಧ್ವನಿ ಸಾಧನಗಳ ಪಟ್ಟಿಯಲ್ಲಿ ‘ಡಮ್ಮಿ ಔಟ್‌ಪುಟ್’ (ನಿಜವಾದ ಸಾಧನ ಸಿಗದಾಗ ತೋರುವ ಹುಸಿ ಸಾಧನ) ಮಾತ್ರ ಕಾಣುತ್ತಿದೆ, ಎಯುಆರ್ (ಆರ್ಚ್ ಬಳಕೆದಾರರೇ ನಡೆಸುವ ಸಂಗ್ರಹ) ಪ್ಯಾಕೇಜುಗಳ ಬಿಲ್ಡ್, ಅಂದರೆ ಅವನ್ನು ನಮ್ಮ ಯಂತ್ರದಲ್ಲೇ ಕಟ್ಟುವ ಕೆಲಸ, ‘ಡೀಬಗ್‌ಎಡಿಟ್’ ಎಂಬ ಉಪಕರಣ ಸಿಗಲಿಲ್ಲವೆಂದು ನಿಲ್ಲುತ್ತಿದೆ ಎಂದು ಬರೆದಿದ್ದೀರಿ.

ಧ್ವನಿಯನ್ನು ನಿರ್ವಹಿಸುವ ಪೈಪ್‌ವೈರ್ ತಂತ್ರಾಂಶದ ಸೆಟ್ಟಿಂಗ್‌ಗಳನ್ನು ದಯವಿಟ್ಟು ಇನ್ನೂ ಮುಟ್ಟಬೇಡಿ. ಇತ್ತೀಚಿನ ಹಲವು ಇಂಟೆಲ್ ಲ್ಯಾಪ್‌ಟಾಪ್‌ಗಳ ಆಡಿಯೋ ಡಿಎಸ್‌ಪಿಗೆ (ಧ್ವನಿ ಸಂಸ್ಕರಿಸುವ ಭಾಗ) ಪ್ರತ್ಯೇಕ ಫರ್ಮ್‌ವೇರ್ (ಅದರೊಳಗೇ ಓಡುವ ತಂತ್ರಾಂಶ) ಬೇಕಾಗುತ್ತದೆ. ಅದು ಸಿಗದಿದ್ದರೆ ಕರ್ನಲ್ (ಯಂತ್ರಾಂಶದೊಂದಿಗೆ ವ್ಯವಹರಿಸುವ ಲಿನಕ್ಸ್‌ನ ತಿರುಳು) ಸೌಂಡ್ ಕಾರ್ಡನ್ನೇ ನೋಂದಾಯಿಸದ ಕಾರಣ ಪೈಪ್‌ವೈರ್‌ಗೆ ತೋರಿಸಲು ಏನೂ ಉಳಿಯುವುದಿಲ್ಲ. ಕರ್ನಲ್ ಲಾಗ್‌ನಲ್ಲಿ ಫರ್ಮ್‌ವೇರ್ ಲೋಡ್ ಆಗಲಿಲ್ಲವೆಂಬ ಸಾಲು ಕಂಡರೆ ‘ಸೋಫ್-ಫರ್ಮ್‌ವೇರ್’ ಪ್ಯಾಕೇಜನ್ನು ಹಾಕಿ ರೀಬೂಟ್ ಮಾಡಿ.

ಬಿಲ್ಡ್ ನಿಲ್ಲುವುದಕ್ಕೆ ಕಾರಣ ಬೇರೆ. 2023ರ ಫೆಬ್ರವರಿಯಲ್ಲಿ ಬಿಲ್ಡ್‌ಗೆ ಬೇಕಾದ ಉಪಕರಣಗಳ ‘ಬೇಸ್-ಡೆವೆಲ್’ ಗುಂಪು ಮೆಟಾ ಪ್ಯಾಕೇಜ್ (ಬೇರೆ ಪ್ಯಾಕೇಜುಗಳನ್ನು ತನ್ನೊಂದಿಗೆ ತರುವ ಪ್ಯಾಕೇಜ್) ಆಯಿತು; ಅದಕ್ಕೆ ಮೊದಲೇ ಸ್ಥಾಪಿಸಿದ ವ್ಯವಸ್ಥೆಯಲ್ಲಿ ಅದನ್ನು ಕೈಯಾರೆ ಹಾಕದಿದ್ದರೆ, ಆಮೇಲೆ ಸೇರಿದ ಡೀಬಗ್‌ಎಡಿಟ್‌ನಂಥವು ತಾವಾಗಿ ಬರುವುದಿಲ್ಲ. ಪೂರ್ಣ ಅಪ್‌ಡೇಟ್‌ನೊಂದಿಗೇ ಬೇಸ್-ಡೆವೆಲ್ ಹಾಕಿ. ಪ್ಯಾಕೇಜ್ ಕಟ್ಟುವ ಮೇಕ್‌ಪಿಕೆಜಿಯನ್ನು ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಓಡಿಸಲು ಹೋಗಬೇಡಿ, ಅದು ಒಪ್ಪುವುದೂ ಇಲ್ಲ.