ಪೆಟ್ಟಿಗೆಯಲ್ಲಿ ಏನಿಡಬೇಕು?

ಪ್ರಶ್ನೆ: ನಮ್ಮೂರಿನ ಹೈಸ್ಕೂಲಿನ ವಜ್ರಮಹೋತ್ಸವದಲ್ಲಿ, ನೂರು ವರ್ಷಗಳ ನಂತರ ತೆರೆಯಬೇಕಾದ ಪೆಟ್ಟಿಗೆಯೊಂದನ್ನು ಹೂಳಲು ನಿರ್ಧರಿಸಿದ್ದೇವೆ. ಮುಂದಿನವರಿಗೆ ಯಾವ ಜ್ಞಾನವನ್ನು ಉಳಿಸಬೇಕೆಂಬುದರಲ್ಲಿ ಒಮ್ಮತವಿಲ್ಲ. ಗಣಿತ, ವಿಜ್ಞಾನಗಳ ಮೂಲಸೂತ್ರಗಳಿದ್ದರೆ ಸಾಕೆಂದು ಮಾಸ್ತರರು ಹೇಳುತ್ತಾರೆ. ತಮ್ಮ ಅಭಿಪ್ರಾಯವೇನು?
– ಓದುಗರೊಬ್ಬರು, ಕುಮಟಾ

ಉತ್ತರ: ಮಾಸ್ತರರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೂ ಯಾವ ಜ್ಞಾನ ದೊಡ್ಡದೆಂಬ ಚರ್ಚೆಗಿಂತ, ಯಾವುದು ಒಮ್ಮೆ ಕಳೆದರೆ ಮತ್ತೆ ಸಿಗಲಾರದೆಂದು ವಿಚಾರಿಸುವುದು ಲೇಸು. ಪೈಥಾಗೊರಸನ ಪ್ರಮೇಯವಿರುವ ಪುಸ್ತಕಗಳೆಲ್ಲ ಸುಟ್ಟುಹೋದರೂ ಯಾರಾದರೊಬ್ಬರು ಅದನ್ನು ಮತ್ತೆ ಕಂಡುಕೊಂಡಾರು. ನಿಮ್ಮದೇ ತಾಲೂಕಿನ ಅಘನಾಶಿನಿ ಅಳಿವೆಯ ಕಗ್ಗ ಭತ್ತ ಹಾಗಲ್ಲ. ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ, ರಾಸಾಯನಿಕ ಗೊಬ್ಬರದ ಹಂಗಿಲ್ಲದೆ, ನೆರೆಗೆ ಕೆಲವು ದಿನ ಮುಳುಗಿದರೂ ತಾಳಿಕೊಳ್ಳುವ ಆ ತಳಿ ಎಷ್ಟೋ ತಲೆಮಾರುಗಳ ರೈತರು ಆರಿಸುತ್ತ ಉಳಿಸಿಕೊಂಡು ಬಂದದ್ದು. ಅದರ ಕಾಳನ್ನು ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ 2008ರಲ್ಲಿ ಆರಂಭವಾದ ಬೀಜದ ಉಗ್ರಾಣದಂಥಲ್ಲಿ ಮೈನಸ್ 18 ಡಿಗ್ರಿಯಲ್ಲಿ ಕಾಪಿಡಬಹುದು. ಆದರೆ ಮಳೆ ಮಣ್ಣಿನ ಉಪ್ಪನ್ನು ಎಷ್ಟು ತೊಳೆದ ಮೇಲೆ ಬಿತ್ತಬೇಕು, ಅಮಾವಾಸ್ಯೆ-ಹುಣ್ಣಿಮೆಯ ಭರತಕ್ಕೆ (ಸಮುದ್ರದ ದೊಡ್ಡ ಉಬ್ಬರಕ್ಕೆ) ಮುನ್ನ ಉಪ್ಪುನೀರು ತಡೆಯುವ ಕಟ್ಟಿನ ಬಾಗಿಲನ್ನು ಯಾವಾಗ ಇಳಿಸಬೇಕು, ಇಳಿತದಲ್ಲಿ ಯಾವಾಗ ಎತ್ತಬೇಕು ಎಂಬುದು ಗದ್ದೆಗಿಳಿದವರಿಗಷ್ಟೇ ಗೊತ್ತು. ಗಜನಿಯು ಸಿಗಡಿ ಹೊಂಡವಾದ ಕಡೆ ಆ ತಿಳಿವಳಿಕೆ ಒಂದೇ ತಲೆಮಾರಿನಲ್ಲಿ ಅಳಿಯುತ್ತದೆ.

ಅಂಕೋಲಾ ತಾಲೂಕಿನ ಇಬ್ಬರು ಪದ್ಮಶ್ರೀ ಪುರಸ್ಕೃತರು, ಗಿಡಮರ ಬೆಳೆಸಿದ ತುಳಸಿ ಗೌಡ 2024ರ ಡಿಸೆಂಬರಿನಲ್ಲಿ, ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಸುಕ್ರಜ್ಜಿಯ ಹಾಡುಗಳನ್ನು ಧ್ವನಿಮುದ್ರಣದಲ್ಲಿ ಕೇಳಬಹುದು. ಬೀಜಕ್ಕೆ ಯಾವ ತಾಯಿಮರ ತಕ್ಕದ್ದೆಂದು ಗುರುತಿಸುತ್ತಿದ್ದ ತುಳಸಜ್ಜಿಯ ಕಣ್ಣಳತೆಯನ್ನು ಯಾವ ಯಂತ್ರ ಹಿಡಿದಿಟ್ಟೀತು?

ಬರೆದಿಡುವುದಾದರೆ ಕಾರಣವನ್ನೂ ಬರೆಯಿರಿ. ನಾವಿಕರ ಸ್ಕರ್ವಿ ರೋಗಕ್ಕೆ ಕಿತ್ತಳೆ, ನಿಂಬೆಗಳು ಮದ್ದೆಂದು ಜೇಮ್ಸ್ ಲಿಂಡ್ 1747ರಲ್ಲೇ ಪ್ರಯೋಗದಿಂದ ಕಂಡುಕೊಂಡಿದ್ದರೂ, ಅದೇಕೆ ಹಾಗೆಂಬುದು ತಿಳಿಯದ ಕಾರಣ ಮುಂದೆ ಬ್ರಿಟಿಷ್ ನೌಕಾಪಡೆ ಸತ್ವ ಕಡಿಮೆಯಿರುವ ಬೇರೊಂದು ಜಾತಿಯ ನಿಂಬೆಗೆ ಬದಲಾಯಿತು, ಮದ್ದಿನ ಮೇಲಿನ ನಂಬಿಕೆಯೇ ಕುಸಿಯಿತು. ಮಾಸ್ತರರ ಸೂತ್ರಗಳಿಗೆ ನಾಲ್ಕು ಹಾಳೆ ಕೊಡಿ. ನೀರನ್ನು ಏಕೆ ಕುದಿಸಬೇಕೆಂಬುದಕ್ಕೆ ಒಂದು. ಉಳಿದ ಜಾಗ ಗಜನಿಯ ರೈತರ ಮಾತಿಗಿರಲಿ. ಅದನ್ನು ಮಕ್ಕಳೇ ಈ ಮಳೆಗಾಲದಲ್ಲಿ ಗದ್ದೆಗೆ ಹೋಗಿ, ಬಿತ್ತುವುದನ್ನು ನೋಡಿ, ಕೇಳಿ ಬರೆದುಕೊಂಡು ಬರಲಿ. ಕಗ್ಗದ ಕಾಳನ್ನು ಮಾತ್ರ ಪೆಟ್ಟಿಗೆಯಲ್ಲಿ ಹೂಳಬೇಡಿ: ಕರಾವಳಿಯ ತೇವಕ್ಕೆ ಅದು ಒಂದೆರಡು ವರ್ಷಗಳಲ್ಲೇ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಅದನ್ನು ಪ್ರತಿವರ್ಷ ಬಿತ್ತುವವರಿಗೇ ಕೊಡಿ.