ತವರಿನ ಕಿತ್ತಳೆಯ ರುಚಿ ಮೈಸೂರಿನ ಹಿತ್ತಲಿಗೆ ಬರಬೇಕಾದರೆ

ಅಕ್ಕ, ನಿಮ್ಮ ಪ್ರಶ್ನೆ ಓದಿದಾಗಿನಿಂದ ಉತ್ತರ ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೆ, ಇವತ್ತು ಬಿಡುವಾಯಿತು. ಸೋಮವಾರಪೇಟೆ ಕಡೆಯ ತವರುಮನೆ ತೋಟದಿಂದ ತಂದ ಕಿತ್ತಳೆ ಬೀಜ ಹಾಕಿ 7 ವರ್ಷವಾಯಿತು, ಗಿಡ ತಾರಸಿ ಮುಟ್ಟಿದೆ, ಮೈತುಂಬ ಮುಳ್ಳು, ಒಂದು ಹೂವೂ ಕಂಡಿಲ್ಲ ಅಂದಿದ್ದೀರಿ. ಪಕ್ಕದಲ್ಲೇ ಇರುವ ನರ್ಸರಿಯ ಕಸಿ ಗಿಡ ಮೂರನೇ ವರ್ಷಕ್ಕೇ ಹಣ್ಣು ಬಿಟ್ಟರೂ ಸಿಪ್ಪೆ ದಪ್ಪ, ಒಳಗೆ ಬೆಂಡು, ರಸ ಸಪ್ಪೆ. ಎರಡನ್ನೂ ಕಡಿದು ಬೇರೆ ತರಲೇ ಎಂದು ಕೇಳಿದ್ದೀರಿ. ದಯವಿಟ್ಟು ಎರಡನ್ನೂ ಕಡಿಯಬೇಡಿ. ಅದರಲ್ಲೂ ಬೀಜದ ಗಿಡಕ್ಕೆ ಕತ್ತಿ ತಾಗಿಸಲೇಬೇಡಿ.

ಬೀಜದ ಗಿಡದಲ್ಲಿ ಜಾತಿ ಕೆಟ್ಟಿರುತ್ತದೆ ಎಂದು ಇಲ್ಲಿ ಇಬ್ಬರು ಹೇಳಿದ್ದಾರೆ. ಮಾವಿನ ಬಹಳಷ್ಟು ತಳಿಗಳಿಗೆ ಆ ಮಾತು ಸರಿ, ಕೊಡಗಿನ ಕಿತ್ತಳೆಗೆ ಹಾಗಲ್ಲ. ಇದರ ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬರುವುದನ್ನು ನೀವೂ ನೋಡಿರುತ್ತೀರಿ. ಅವುಗಳಲ್ಲಿ ಹೆಚ್ಚಿನವು ಪರಾಗಸ್ಪರ್ಶದಿಂದ ಹುಟ್ಟಿದವಲ್ಲ, ತಾಯಿ ಮರದ ಅಂಗಾಂಶದಿಂದಲೇ ಎದ್ದವು. ಅಂದರೆ ಗುಣದಲ್ಲಿ ತಾಯಿಯೇ. ಕೊಡಗಿನ ಕಾಫಿ ತೋಟಗಳಲ್ಲಿ ಅಜ್ಜನ ಕಾಲದಿಂದ ಬೀಜದ ಸಸಿ ನೆಟ್ಟೂ ಅದೇ ರುಚಿ ಉಳಿದು ಬಂದದ್ದು ಈ ಕಾರಣಕ್ಕೆ. ನಿಮ್ಮ ಗಿಡವೂ ಬಹುಪಾಲು ನಿಮ್ಮ ತಾಯಿ ಮನೆಯ ಮರವೇ, ಅದಕ್ಕಿನ್ನೂ ಪ್ರಾಯ ಬಂದಿಲ್ಲ ಅಷ್ಟೇ. ಬೀಜದ ಕಿತ್ತಳೆ ಹೂ ಬಿಡಲು ಸಾಮಾನ್ಯವಾಗಿ 5ರಿಂದ 8 ವರ್ಷ ಬೇಕು, ನೆರಳಿದ್ದರೆ ಇನ್ನೂ ತಡ. ಆ ಉದ್ದನೆಯ ಮುಳ್ಳೂ ಎಳೆತನದ ಲಕ್ಷಣವೇ. ಗಿಡದ ತುದಿ ಕೊಂಬೆಗಳನ್ನು ಗಮನಿಸಿ, ಅಲ್ಲಿ ಮುಳ್ಳು ಗಿಡ್ಡವಾಗುತ್ತಾ ಬಂದಿದ್ದರೆ ಹೂವಿನ ಕಾಲ ಹತ್ತಿರ ಬಂದಿದೆ ಎಂದರ್ಥ. ಮೊದಲ ಹೂ ಬರುವುದೂ ಆ ತುದಿಯಲ್ಲೇ. ಮುಳ್ಳು ಚುಚ್ಚುತ್ತದೆ ಎಂದು ಪ್ರತಿ ವರ್ಷ ತಲೆ ಸವರುತ್ತಿದ್ದೇನೆ ಅಂದಿರಲ್ಲ, ಹಾಗೆ ಸವರಿದಷ್ಟೂ ಗಿಡ ಮತ್ತೆ ಹಿಂದಿನಿಂದ ಶುರು ಮಾಡಬೇಕಾಗುತ್ತದೆ. ನೆಲಮಟ್ಟದ ಒಂದೆರಡು ಕೊಂಬೆ ತೆಗೆಯಿರಿ, ಮೇಲಿನದನ್ನು ಬಿಡಿ.

ಇನ್ನು ನರ್ಸರಿ ಗಿಡ. ಮೊದಲು ಬುಡದಲ್ಲಿ ಕಸಿಯ ಗಂಟು ಎಲ್ಲಿದೆ ಹುಡುಕಿ, ಹಣ್ಣು ಬಿಟ್ಟ ಕೊಂಬೆ ಆ ಗಂಟಿನ ಮೇಲಿನಿಂದ ಬಂದಿದೆಯೋ ಕೆಳಗಿನಿಂದಲೋ ನೋಡಿ. ಎಷ್ಟೋ ಮನೆಗಳಲ್ಲಿ ಕಟ್ಟಿದ ಕಣ್ಣು, ಅಂದರೆ ಒಳ್ಳೆಯ ಮರದಿಂದ ತಂದು ಕೂಡಿಸಿದ ಚಿಗುರುಮೊಗ್ಗು, ಯಾವಾಗಲೋ ಸತ್ತು, ಅದನ್ನು ಹೊತ್ತ ಕೆಳಗಿನ ಬೇರುಗಿಡವೇ ಮರವಾಗಿರುತ್ತದೆ. ನಿಮ್ಮ ಫೋಟೋದಲ್ಲಿ ಹಣ್ಣು ಕಿತ್ತಳೆಯಂತೆಯೇ ಕಾಣುವುದರಿಂದ ಕಸಿ ಬದುಕಿದೆ ಅನಿಸುತ್ತದೆ. ಹಾಗಿದ್ದರೆ ನನ್ನ ಅನುಮಾನ ಬೇರುಗಿಡದ ಮೇಲೆ, ನರ್ಸರಿಯವರು ರೂಟ್‌ಸ್ಟಾಕ್ ಅನ್ನುತ್ತಾರಲ್ಲ ಅದು.

ಹಣ್ಣಿನ ರುಚಿಯೆಲ್ಲ ಮೇಲೆ ಕಟ್ಟಿದ ಕಣ್ಣಿನದೇ ಎಂದು ನಾವು ನಂಬಿರುತ್ತೇವೆ. ಕಿತ್ತಳೆ, ಮೂಸಂಬಿಯ ರುಚಿಯಲ್ಲಿ ಬೇರಿನ ಪಾಲೂ ದೊಡ್ಡದು. ಜಂಬೀರಿ ಎಂಬ ಒರಟು ಸಿಪ್ಪೆಯ ನಿಂಬೆಯ ಬೇರಿನ ಮೇಲೆ ಕಟ್ಟಿದ ಗಿಡ ಬೇಗ ಬೆಳೆಯುತ್ತದೆ, ಬೇಗ ಹಣ್ಣು ಬಿಡುತ್ತದೆ, ಹಣ್ಣೂ ದೊಡ್ಡದು. ನರ್ಸರಿಯವರಿಗೆ ಅದು ಇಷ್ಟವಾಗುವುದು ಸಹಜ. ಆದರೆ ಅದರ ಹಣ್ಣಿನಲ್ಲಿ ಸಕ್ಕರೆಯೂ ಕಡಿಮೆ, ಹುಳಿಯೂ ಕಡಿಮೆ, ಸಿಪ್ಪೆ ದಪ್ಪ. ಮರದಲ್ಲಿ ನಾಲ್ಕು ದಿನ ಹೆಚ್ಚು ಬಿಟ್ಟರೆ ತೊಳೆ ಒಣಗಿ ಬೆಂಡಾಗುತ್ತದೆ. ರಂಗಪುರ ನಿಂಬೆಯ ಬೇರಿನ ಮೇಲೆ ಹಣ್ಣು ಅದಕ್ಕಿಂತ ಚೆನ್ನ, ನೀರಿನ ಬರವನ್ನೂ ನಮ್ಮ ಬಯಲುಸೀಮೆಯ ಸುಣ್ಣದ ಮಣ್ಣನ್ನೂ ಅದು ತಡೆದುಕೊಳ್ಳುತ್ತದೆ. ರುಚಿಗೆ ಎಲ್ಲಕ್ಕಿಂತ ಮೇಲು ಟ್ರೈಫೋಲಿಯೇಟ್, ಒಂದು ತೊಟ್ಟಿಗೆ ಮೂರು ಎಲೆ ಇರುವ ಜಾತಿ. ಗಿಡ ಕುಳ್ಳಗಿದ್ದು ಹಣ್ಣಿನ ರಸ ಗಟ್ಟಿ. ಆದರೆ ಅದಕ್ಕೆ ಹುಳಿಮಣ್ಣು, ತಂಪು ಬೇಕು. ಕೊಡಗಿಗೆ ಸರಿ, ಬೋರ್‌ವೆಲ್ ನೀರು ಹಾಕುವ ಮೈಸೂರಿನ ಹಿತ್ತಲಿನಲ್ಲಿ ಎಲೆ ಹಳದಿ ಹೊಡೆದು ಸೊರಗುತ್ತದೆ. ನಾನು ಒಂದೇ ಮರದ ಕಣ್ಣುಗಳನ್ನು ಒಂದೇ ಸಲ ಜಂಬೀರಿಗೂ ರಂಗಪುರಕ್ಕೂ ಕಟ್ಟಿ ಹತ್ತಡಿ ಅಂತರದಲ್ಲಿ ನೆಟ್ಟಿದ್ದೇನೆ. ಹಣ್ಣು ತಿನ್ನಲು ಕೊಟ್ಟರೆ ಎರಡೂ ಒಂದೇ ತಳಿ ಎಂದು ಯಾರೂ ಒಪ್ಪುವುದಿಲ್ಲ.

ಹಾಗೆಂದು ನರ್ಸರಿ ಗಿಡವನ್ನು ಈಗಲೇ ತಿರಸ್ಕರಿಸಬೇಡಿ. ಯಾವ ಕಿತ್ತಳೆ ಗಿಡವಾದರೂ ಮೊದಲ ಎರಡು ಫಸಲು ದಪ್ಪ ಸಿಪ್ಪೆಯದೇ, ವಯಸ್ಸಾದಂತೆ ಸಿಪ್ಪೆ ತೆಳುವಾಗಿ ರಸ ಏರುತ್ತದೆ. ನೀವು ತಿಂಗಳಿಗೊಮ್ಮೆ ಯೂರಿಯಾ ಹಾಕುತ್ತಿದ್ದೀರಿ, ಅದನ್ನು ನಿಲ್ಲಿಸಿ. ಸಾರಜನಕ ಹೆಚ್ಚಾದರೆ ಎಲೆ ಕಪ್ಪಗೆ ಮಿಂಚುತ್ತದೆ, ಹಣ್ಣಿನ ಸಿಪ್ಪೆ ಒರಟಾಗುತ್ತದೆ. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಮಳೆಗಾಲದ ಮುಂಚೆ ಒಮ್ಮೆ, ಮಳೆ ಹಿಂದಾದ ಮೇಲೆ ಒಮ್ಮೆ ಸಾಕು.

ನಿಮ್ಮ ಪರಿಸ್ಥಿತಿಯಲ್ಲಿ ನಾನಾಗಿದ್ದರೆ ಮಾಡುವ ಕೆಲಸ ಇದು. ತವರಿನ ಆ ಹಳೆಯ, ಹಣ್ಣು ಬಿಡುವ ಮರದಿಂದಲೇ ಕಣ್ಣು ತಂದು ನಿಮ್ಮ ಬೀಜದ ಗಿಡದ ಎರಡು ಕೊಂಬೆಗೆ ಕಟ್ಟುವುದು. ತಾಯಿಯದೇ ಬೇರು, ತಾಯಿಯದೇ ಕಣ್ಣು, ಜಂಬೀರಿಯ ಸಪ್ಪೆತನ ಬರುವ ಮಾತೇ ಇಲ್ಲ. ಪ್ರಾಯಕ್ಕೆ ಬಂದ ಮರದ ಕಣ್ಣಾದ್ದರಿಂದ 2–3 ವರ್ಷದಲ್ಲಿ ಹೂವು ಕಾಣಬಹುದು. ನಿಮ್ಮ ಬೀಜದ ಗಿಡದ ಕಣ್ಣನ್ನೇ ತೆಗೆದು ಬೇರೆ ಗಿಡಕ್ಕೆ ಕಟ್ಟಿದರೆ ಬೇಗ ಹಣ್ಣಾಗುತ್ತದೆಯೇ ಎಂದು ಕೇಳಿದ್ದಿರಿ. ಆಗುವುದಿಲ್ಲ, ಏಕೆಂದರೆ ಆ ಕಣ್ಣು ತನ್ನ ಎಳೆತನವನ್ನೂ ಜೊತೆಗೇ ತರುತ್ತದೆ.

ಆದರೆ ಕಣ್ಣು ತರುವ ಮೊದಲು ಆ ಮರವನ್ನು ಸರಿಯಾಗಿ ನೋಡಿ. ಈ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಕೊಡಗಿನಲ್ಲಿ ಕಿತ್ತಳೆ ಸೊರಗಿಹೋದದ್ದರಲ್ಲಿ ಗ್ರೀನಿಂಗ್ ಮತ್ತು ಟ್ರಿಸ್ಟೆಜಾ ರೋಗಗಳ ಪಾಲು ದೊಡ್ಡದು, ಎರಡೂ ಕಣ್ಣಿನ ಮೂಲಕ ಹರಡುತ್ತವೆ. ಬೀಜದ ಮೂಲಕ ಬರುವುದಿಲ್ಲ, ಅದಕ್ಕೇ ನಿಮ್ಮ ಬೀಜದ ಗಿಡ ಅಮೂಲ್ಯ. ಗ್ರೀನಿಂಗ್ ಬಂದ ಮರದ ಎಲೆಯಲ್ಲಿ ಹಳದಿ ಮಚ್ಚೆ ನಡುನರದ ಎರಡು ಕಡೆ ಒಂದೇ ಸಮ ಇರುವುದಿಲ್ಲ, ಅಂಕುಡೊಂಕಾಗಿ ಹರಡಿರುತ್ತದೆ. ಹಣ್ಣು ಒಂದು ಪಕ್ಕ ವಾಲಿ, ತಳಭಾಗ ಹಸಿರಾಗೇ ಉಳಿದು, ಬೀಜ ಸುಕ್ಕಾಗಿರುತ್ತದೆ. ಸತುವಿನ ಕೊರತೆಯಲ್ಲೂ ಎಲೆ ಹಳದಿಯಾಗುತ್ತದೆ, ಆದರೆ ಅಲ್ಲಿ ನರಗಳ ನಡುವೆ ಎರಡೂ ಕಡೆ ಒಂದೇ ತೆರನಾಗಿರುತ್ತದೆ, ಎಲೆ ಸಣ್ಣದಾಗಿ ಚೂಪಾಗುತ್ತದೆ. ಅನುಮಾನ ಬಂದರೆ ಆ ಮರದ ಕಣ್ಣು ಬೇಡವೇ ಬೇಡ. ಮನಸ್ಸಿಗೆ ಎಷ್ಟೇ ಬೇಸರವಾದರೂ ಬೇಡ.

ಟ್ರಿಸ್ಟೆಜಾ ಕಂಡುಹಿಡಿಯಲು ನಿಂಬೆ ಗಿಡವೇ ಪರೀಕ್ಷೆ. ನಾವು ಅಡುಗೆಗೆ ಬಳಸುವ ಮಾಮೂಲಿ ನಿಂಬೆಯ ಬೀಜದಿಂದ ಬಂದ ಸಸಿಗೆ ತವರಿನ ಮರದ ಒಂದು ಕಣ್ಣು ಕಟ್ಟಿ, ಸಸಿಯನ್ನು ಒತ್ತು ನೇಯ್ಗೆಯ ಬಲೆಯೊಳಗೆ ಇಡಿ, ಈ ರೋಗ ಹರಡುವ ಗಿಡಹೇನು ಹತ್ತಬಾರದು. ಕಣ್ಣು ಹತ್ತಿದ ಮೇಲೆ ನಿಂಬೆಯ ತಲೆ ಸವರಿ, ನಿಂಬೆಯದೇ ಹೊಸ ಚಿಗುರು ಬರಲಿ. ಎರಡು ಮೂರು ತಿಂಗಳಲ್ಲಿ ಆ ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿ. ನರಗಳ ಮೇಲೆ ಅಲ್ಲಲ್ಲಿ ಬೆಳಕು ಹಾಯುವ ಸಣ್ಣ ಗೀರು ಕಂಡರೆ ವೈರಸ್ ಇದೆ. ಕಿತ್ತಳೆ ಬೇರು, ರಂಗಪುರ ಬೇರು ಈ ವೈರಸ್ಸನ್ನು ಸಹಿಸಿಕೊಳ್ಳುತ್ತವೆ, ನಿಂಬೆ ಮರ ಸಹಿಸುವುದಿಲ್ಲ. ನಿಮ್ಮ ಹಿತ್ತಲಿನಲ್ಲಿ ಒಳ್ಳೆಯ ನಿಂಬೆ ಮರವಿದೆ ಅಂದಿದ್ದರಿಂದ ಇಷ್ಟು ಹೇಳಿದೆ.

ಈಗ ಕಟ್ಟುವ ಬಗೆ. ಮುಂಗಾರಿನ ಮೊದಲ ಮಳೆಗಳಾಗಿ ಗಿಡ ಚಿಗುರಿದಾಗ ಹೊರಡಿ. ತೊಗಟೆ ಚಾಕುವಿನ ತುದಿಗೆ ಸುಲಭವಾಗಿ ಬಿಟ್ಟುಕೊಳ್ಳಬೇಕು, ಅಂಟಿಕೊಂಡು ಹರಿದರೆ ಆ ದಿನ ಕೆಲಸ ಮುಂದೂಡಿ. ನಾನು ಮೊದಲ ವರ್ಷ ಜನವರಿಯಲ್ಲಿ ಹಟ ಹಿಡಿದು 11 ಕಣ್ಣು ಕಟ್ಟಿದೆ, ಹತ್ತಿದ್ದು ಎರಡು. ಮರುವರ್ಷ ಜುಲೈನಲ್ಲಿ ಅದೇ ಚಾಕು, ಅದೇ ಕೈ, 10ರಲ್ಲಿ 8 ಹತ್ತಿದವು.

ಕಣ್ಣಿನ ಕಡ್ಡಿ ಆರಿಸುವುದರಲ್ಲಿ ಅರ್ಧ ಗೆಲುವಿದೆ. ತೀರ ಹೊಸ ಚಿಗುರು ಮುಟ್ಟಿದರೆ ಮೂರು ಅಂಚು ಸಿಗುತ್ತದೆ, ಅದು ಬೇಡ. ಅದರ ಹಿಂದಿನ ಚಿಗುರು ಬಲಿತು ದುಂಡಗಾಗಿ, ಹಸಿರಿನ ಮೇಲೆ ಸಣ್ಣ ಬೂದು ಗೆರೆ ಮೂಡಿರುತ್ತದೆ, ಅದನ್ನೇ ತೆಗೆಯಿರಿ. ಈ ಸಲದ ಹಣ್ಣು ನೀವೇ ತಿಂದು ನೋಡಿದ ಕೊಂಬೆಯದಾದರೆ ಇನ್ನೂ ಒಳ್ಳೆಯದು. ಎಲೆ ಕತ್ತರಿಸಿ ತೊಟ್ಟು ಮಾತ್ರ ಉಳಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಫ್ರಿಜ್ಜಿನಲ್ಲಿ ತರಕಾರಿ ಇಡುವ ಜಾಗದಲ್ಲಿ ಒಂದು ವಾರ ಕೆಡುವುದಿಲ್ಲ. ಕಡ್ಡಿಯ ಮೇಲೆ ಹುಳು, ಮೊಟ್ಟೆ ಅಂಟಿಕೊಂಡಿಲ್ಲವೇ ಎಂದು ಅಲ್ಲೇ ನೋಡಿಕೊಂಡು ಹೊರಡಿ.

ನಿಮ್ಮ ಗಿಡದಲ್ಲಿ ಪೆನ್ಸಿಲ್‌ನಿಂದ ಹೆಬ್ಬೆರಳಿನವರೆಗೆ ದಪ್ಪವಿರುವ, ಚೆನ್ನಾಗಿ ಬಿಸಿಲು ಬೀಳುವ ಎರಡು ಕೊಂಬೆ ಆರಿಸಿ. ಚಾಕುವನ್ನು ಸ್ಪಿರಿಟ್ಟಿನಲ್ಲಿ ಒರೆಸಿ. ಮಳೆಗಾಲದಲ್ಲಿ ನಾನು ಟಿ ಅಕ್ಷರವನ್ನು ತಲೆಕೆಳಗು ಮಾಡಿ ಸೀಳುತ್ತೇನೆ, ಅಡ್ಡಗೀರು ಕೆಳಗೆ, ಉದ್ದಗೀರು ಅದರಿಂದ ಮೇಲಕ್ಕೆ ಒಂದಂಗುಲ. ಹೀಗಾದರೆ ನೀರು ಗಾಯದೊಳಗೆ ಇಳಿಯುವುದಿಲ್ಲ. ಕಡ್ಡಿಯಿಂದ ಕಣ್ಣನ್ನು ತೊಗಟೆ ಸಮೇತ ಸುಮಾರು ಒಂದಂಗುಲ ಉದ್ದಕ್ಕೆ, ಒಂದೇ ಎಳೆತದಲ್ಲಿ ತೆಗೆಯಿರಿ, ಹಿಂದೆ ತೆಳ್ಳನೆ ಕಟ್ಟಿಗೆಯ ಪದರ ಇದ್ದರೆ ಇರಲಿ. ತೊಟ್ಟು ಹಿಡಿದುಕೊಂಡೇ ಸೀಳಿನೊಳಗೆ ಕೆಳಗಿನಿಂದ ಮೇಲಕ್ಕೆ ಜಾರಿಸಿ. ಕಣ್ಣು ಮೇಲ್ಮುಖವಾಗೇ ಇರಬೇಕು, ಆತುರದಲ್ಲಿ ತಿರುಗುಮುರುಗಾಗುತ್ತದೆ. ಕತ್ತರಿಸಿದ ಭಾಗಕ್ಕೆ ಬೆರಳು ತಾಗಿಸಬೇಡಿ, ಒಣಗಲೂ ಬಿಡಬೇಡಿ. ಪಾಲಿಥಿನ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ.

ಮೂರು ವಾರ ಬಿಚ್ಚಬೇಡಿ. ಬಿಚ್ಚಿದಾಗ ಕಣ್ಣು ಹಸಿರಾಗಿದ್ದು ತೊಟ್ಟು ತಾನಾಗಿ ಉದುರಿದರೆ ಹತ್ತಿದೆ. ತೊಟ್ಟು ಕಪ್ಪಾಗಿ ಒಣಗಿ ಅಂಟಿಕೊಂಡಿದ್ದರೆ ಹೋಯಿತು, ಕೊಂಬೆಯ ಇನ್ನೊಂದು ಮಗ್ಗುಲಲ್ಲಿ ಮತ್ತೆ ಕಟ್ಟಿ. ಹತ್ತಿದ ಕಣ್ಣು ತಾನಾಗಿ ಏಳುವುದಿಲ್ಲ, ಅದಕ್ಕಾಗಿ ಕಣ್ಣಿನ ಮೇಲೆ ನಾಲ್ಕು ಬೆರಳು ಬಿಟ್ಟು ಕೊಂಬೆಯನ್ನು ಅರ್ಧ ಕತ್ತರಿಸಿ ಬಗ್ಗಿಸಿ. ಚಿಗುರು ಒಂದು ಗೇಣಾದ ಮೇಲೆ ಆ ಬಗ್ಗಿಸಿದ ಭಾಗವನ್ನು ಪೂರ್ತಿ ತೆಗೆಯಿರಿ. ಸುತ್ತಮುತ್ತ ಏಳುವ ಬೇರೆ ಚಿಗುರುಗಳನ್ನು ಎಳೆಯದರಲ್ಲೇ ಬೆರಳಿನಿಂದ ಚಿವುಟುತ್ತಿರಬೇಕು. ಹೊಸ ಚಿಗುರಿನ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವುದು ನಿಂಬೆ ಚಿಟ್ಟೆಯ ಹುಳು, ದಿನಾ ಬೆಳಿಗ್ಗೆ ಕೈಯಲ್ಲೇ ಆರಿಸಿ ತೆಗೆಯಿರಿ. ಔಷಧಿ ಬೇಕಾಗುವುದಿಲ್ಲ.

ಇದರ ಜೊತೆಗೇ ರಂಗಪುರದ ಹತ್ತು ಸಸಿ ಬೆಳೆಸಿಕೊಳ್ಳಿ. ಹಣ್ಣು ನೋಡಲು ಸಣ್ಣ ಕಿತ್ತಳೆ, ಕಚ್ಚಿದರೆ ಹಲ್ಲು ಚುಳ್ಳೆನ್ನುವ ಹುಳಿ. ಬೀಜ ತೆಗೆದ ದಿನವೇ ಹಾಕಿ, ಒಣಗಿದರೆ ಹುಟ್ಟುವುದಿಲ್ಲ. ಸಸಿಗಳಲ್ಲಿ ತೀರ ಉದ್ದ, ತೀರ ಗಿಡ್ಡ ಬಂದವನ್ನು ಕಿತ್ತುಹಾಕಿ, ಒಂದೇ ಸಮ ಇರುವವನ್ನು ಉಳಿಸಿ. ಒಂದು ವರ್ಷಕ್ಕೆ ಪೆನ್ಸಿಲ್ ದಪ್ಪ ಬರುತ್ತದೆ. ಅವಕ್ಕೆ ನೆಲದಿಂದ ಒಂದು ಗೇಣಾದರೂ ಮೇಲೆ ಕಟ್ಟಿ, ನೆಡುವಾಗ ಗಂಟು ಮಣ್ಣಿಗೆ ತಾಗಬಾರದು. ರಂಗಪುರಕ್ಕೆ ಬುಡ ಕೊಳೆಯುವ ರೋಗ ಬೇಗ ಬರುತ್ತದೆ, ಬುಡದಲ್ಲಿ ನೀರು ನಿಲ್ಲಿಸಬೇಡಿ.

ದೇವನಹಳ್ಳಿ ಚಕ್ಕೋತದ ಬೀಜವೂ ಹೀಗೇ ತಾಯಿಯಂತೆ ಬರುತ್ತದೆಯೇ ಎಂದು ಕೆಳಗೆ ಕೇಳಿದ ತಮ್ಮನಿಗೆ: ಇಲ್ಲ. ಚಕ್ಕೋತದ ಬೀಜದಲ್ಲಿ ಒಂದೇ ಮೊಳಕೆ, ಅದು ಪರಾಗದಿಂದ ಹುಟ್ಟಿದ್ದು. ಸಿಹಿ ಮರದ ಬೀಜದಿಂದ ಕಹಿ ಹಣ್ಣೂ ಬರಬಹುದು. ಅದಕ್ಕೆ ಕಣ್ಣು ಕಟ್ಟಬೇಕು ಇಲ್ಲವೇ ಗೂಟಿ ಹಾಕಬೇಕು, ಅಂದರೆ ಕೊಂಬೆ ಮರದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಬೇಕು. ದೇವನಹಳ್ಳಿ ಸುತ್ತ ಹಳೆಯ ಚಕ್ಕೋತ ಮರಗಳು ಕಡಿಮೆಯಾಗುತ್ತಿವೆ. ಒಳ್ಳೆಯ ಮರ ಗೊತ್ತಿದ್ದರೆ ಈ ವರ್ಷವೇ ಗೂಟಿ ಹಾಕಿಬಿಡಿ.

ಅಕ್ಕ, ಕೊನೆಯದಾಗಿ ಹಣ್ಣು ಕೀಳುವ ವಿಷಯ. ಕಿತ್ತಳೆ ಬಾಳೆ, ಮಾವಿನಂತೆ ಕಿತ್ತ ಮೇಲೆ ಮಾಗುವುದಿಲ್ಲ, ಕಿತ್ತಾಗ ಎಷ್ಟು ಸಿಹಿಯೋ ಅಷ್ಟೇ. ಬಣ್ಣ ನಂಬಬೇಡಿ, ರಾತ್ರಿ ತಂಪಿಲ್ಲದಿದ್ದರೆ ಒಳಗೆ ಹಣ್ಣಾದರೂ ಸಿಪ್ಪೆ ಹಸಿರಾಗೇ ಇರುತ್ತದೆ. ಹೂ ಬಿಟ್ಟು ಎಂಟು ತಿಂಗಳಾದ ಮೇಲೆ ವಾರಕ್ಕೊಂದು ಕಿತ್ತು ತಿಂದು ನೋಡಿ. ನಿಮ್ಮ ನರ್ಸರಿ ಗಿಡದ ಹಣ್ಣನ್ನು ಸಿಪ್ಪೆ ಉಬ್ಬುವ ಮುಂಚೆಯೇ ಕಿತ್ತರೆ ಬೆಂಡು ಬಹಳ ಕಡಿಮೆಯಾಗುತ್ತದೆ. ಕೀಳುವ ಹದಿನೈದು ದಿನ ಮುಂಚೆ ನೀರನ್ನು ಅರ್ಧಕ್ಕೆ ಇಳಿಸಿ, ಗಿಡ ಬಾಡದಿದ್ದರೆ ಸಾಕು. ಗಿಡಕ್ಕೆ ದಿನಕ್ಕೆ ಆರು ಗಂಟೆ ಬಿಸಿಲು ಇಲ್ಲದಿದ್ದರೆ ಇವೆಲ್ಲ ಮಾಡಿಯೂ ಸಿಹಿ ಬರುವುದಿಲ್ಲ, ನಿಮ್ಮ ಫೋಟೋದಲ್ಲಿರುವ ಆ ನುಗ್ಗೆಯ ಕೊಂಬೆಯನ್ನು ಮೊದಲು ಸವರಿಸಿ.

ಹೊಸ ಎಲೆಯಲ್ಲಿ ಹಳದಿ ಇದೆ ಅಂದಿದ್ದೀರಿ. ಒಂದು ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣ ಕರಗಿಸಿ ಸೋಸಿ, ಚಿಗುರೆಲೆ ಮುಕ್ಕಾಲು ಬಿಚ್ಚಿಕೊಂಡಾಗ ಸಂಜೆ ಹೊತ್ತು ಸಿಂಪಡಿಸಿ. ತವರಿಗೆ ಹೋದಾಗ ಆ ಮರದ ನಾಲ್ಕೈದು ಎಲೆಯನ್ನು ಬಿಸಿಲಿಗೆ ಹಿಡಿದು ಫೋಟೋ ತೆಗೆಯಿರಿ, ಒಂದು ಹಣ್ಣನ್ನು ಅಡ್ಡ ಕೊಯ್ದು ಅದರದ್ದೂ ತೆಗೆಯಿರಿ. ಕಡ್ಡಿ ಕತ್ತರಿಸುವ ಮೊದಲು ಇಲ್ಲಿ ಹಾಕಿ, ನಾನು ನೋಡಿ ಹೇಳುತ್ತೇನೆ.