ರಿಚಿ ಇವಾನ್ಸ್ ಲೇಖನ: ಹೊಗಳಿಕೆ ಇಳಿಸಿ, ಟೈರಿನ ಲೆಕ್ಕ ಏರಿಸಿ

ಮಾನ್ಯರೆ, ನಮಸ್ಕಾರ.

ನೀವು ಕಳಿಸಿದ ‘ರೋಮ್ ಊರಿನ ವೇಗದೂತ’ ಲೇಖನವನ್ನು ಎರಡು ಸಲ ಓದಿದೆವು. ನ್ಯೂಯಾರ್ಕ್ ರಾಜ್ಯದ ರೋಮ್ ಎಂಬ ಸಣ್ಣ ಊರಿನ ಕಾರ್ ರೇಸ್ ಚಾಲಕ ರಿಚಿ ಇವಾನ್ಸ್ ಬಗ್ಗೆ ಕನ್ನಡದಲ್ಲಿ ಬರೆಯಲು ಹೊರಟಿದ್ದೀರಲ್ಲ, ಅದಕ್ಕೆ ಮೊದಲು ಅಭಿನಂದನೆ. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲು ಬರುವುದಿಲ್ಲ. ‘ಮಿಂಚಿನಂತೆ’ ಎಂಬ ಮಾತು ಒಂಬತ್ತು ಕಡೆ ಇದೆ. ಟೈರು ಎಂಬ ಮಾತು ಒಂದೇ ಕಡೆ. ಶಾರ್ಟ್ ಟ್ರ್ಯಾಕ್ (ಸುತ್ತಳತೆ ಒಂದು ಮೈಲಿಗೂ ಕಡಿಮೆಯಿರುವ ಅಂಡಾಕಾರದ ಟ್ರ್ಯಾಕು) ಚಾಲಕನ ಬದುಕು ನಡೆಯುವುದೇ ಟೈರಿನ ಮೇಲೆ.

ಮೊದಲು ತಪ್ಪುಗಳು. ‘ಸತತ ಒಂಬತ್ತು ವರ್ಷ ಚಾಂಪಿಯನ್’ ಎಂದಿದ್ದೀರಿ. ಒಂಬತ್ತು ಪಟ್ಟ ನಿಜ, ಸತತವಲ್ಲ: 1973ರಲ್ಲಿ ಒಂದು, ಆಮೇಲೆ 1978ರಿಂದ 1985ರವರೆಗೆ ಎಂಟು. ‘ರೇಸಿನಲ್ಲಿ ಮಡಿದರು’ ಎಂದಿದ್ದೀರಿ. ಅವರು ತೀರಿಕೊಂಡದ್ದು 1985ರ ಅಕ್ಟೋಬರ್ 24ರಂದು, ವರ್ಜೀನಿಯಾದ ಮಾರ್ಟಿನ್ಸ್‌ವಿಲ್ ಟ್ರ್ಯಾಕಿನಲ್ಲಿ, ಅಭ್ಯಾಸದ ಹೊತ್ತಿನಲ್ಲಿ. ಆ ವರ್ಷದ ಪಟ್ಟ ಅಷ್ಟರಲ್ಲೇ ಅವರದಾಗಿತ್ತು. ಇನ್ನು, ಅವರ ಕಾರನ್ನು ‘ಶೋರೂಮಿನಲ್ಲಿ ಸಿಗುವಂಥದ್ದೇ’ ಎಂದಿರುವುದು ಪೂರ್ತಿ ದಾರಿ ತಪ್ಪಿಸುತ್ತದೆ. ಅವರು ಓಡಿಸಿದ್ದು ಅಮೆರಿಕದ ಸ್ಟಾಕ್ ಕಾರ್ ರೇಸ್ ಸಂಸ್ಥೆ ನ್ಯಾಸ್ಕಾರ್‌ನ ಮಾಡಿಫೈಡ್ ವರ್ಗದ ಕಾರು. ಉಕ್ಕಿನ ಕೊಳವೆಗಳನ್ನು ಬೆಸೆದು ಕಟ್ಟಿದ ಚೌಕಟ್ಟು, ಮಡ್‌ಗಾರ್ಡ್ ಇಲ್ಲದೆ ಹೊರಗೆ ಕಾಣುವ ಅಗಲವಾದ ಮುಂಚಕ್ರಗಳು, ಮೇಲೊಂದು ಪಿಂಟೋ ತರಹದ ಸಣ್ಣ ಕಾರಿನ ಹೊದಿಕೆ. ಸ್ಟಾಕ್, ಅಂದರೆ ಅಂಗಡಿಯಲ್ಲಿ ಸಿಗುವಂಥ ಕಾರು, ಎಂಬುದು ಹೆಸರಿಗೆ ಮಾತ್ರ.

ಈಗ ಮುಖ್ಯ ಮಾತು. ಆ ಪಟ್ಟಗಳು ಹೇಗೆ ಬಂದವು ಎಂದು ನೀವು ಎಲ್ಲೂ ಹೇಳಿಲ್ಲ. 1984ರವರೆಗೆ ಈ ಪಟ್ಟಕ್ಕೆ ಬೇರೆ ಬೇರೆ ಊರುಗಳ ವಾರವಾರದ ರೇಸುಗಳ ಪಾಯಿಂಟೂ ಕೂಡುತ್ತಿತ್ತು. ಹೆಚ್ಚು ರಾತ್ರಿ ಓಡಿಸಿದವನಿಗೆ ಹೆಚ್ಚು ಪಾಯಿಂಟು. 1979ರಲ್ಲಿ ಇವಾನ್ಸ್ 60 ರೇಸಿಗಿಳಿದು 37 ಗೆದ್ದರು. 1985ರಲ್ಲಷ್ಟೇ ನಿಗದಿತ ರೇಸುಗಳ ಟೂರ್ ಬಂತು. ಹೊಸ ಲೆಕ್ಕದಲ್ಲೂ ಅವರೇ ಮೊದಲಿಗರಾದರು. ಎರಡು ಬೇರೆ ಪದ್ಧತಿಗಳಲ್ಲಿ ಗೆದ್ದ ಈ ಸಂಗತಿ ಲೇಖನದ ಬೆನ್ನೆಲುಬಾಗಬೇಕು. ರೋಮ್‌ನಿಂದ ಕನೆಕ್ಟಿಕಟ್‌ನ ಸ್ಟಾಫರ್ಡ್‌ಗೆ ಇನ್ನೂರು ಮೈಲಿಗೂ ಹೆಚ್ಚು ದಾರಿ. ಸ್ಟಾಫರ್ಡ್ ಅರ್ಧ ಮೈಲಿಯ ಟ್ರ್ಯಾಕು, ಅದೇ ರಾಜ್ಯದ ಥಾಂಪ್ಸನ್ ಒಂದು ಮೈಲಿಯ ಎಂಟರಲ್ಲಿ ಐದು ಭಾಗ. ಒಂದು ಟ್ರ್ಯಾಕಿಗೆ ಹದ ಮಾಡಿದ ಕಾರು ಇನ್ನೊಂದಕ್ಕೆ ಹಾಗೆಯೇ ಒಗ್ಗುವುದಿಲ್ಲ. ಯಾಕೆ ಎಂಬುದನ್ನು ನೀವು ಬಿಡಿಸಿ ಹೇಳಬೇಕು.

ನಮ್ಮ ಓದುಗರು ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿ ನೋಡಿದವರು. ಅಲ್ಲಿ ಕಾರು ಎಡಕ್ಕೂ ತಿರುಗುತ್ತದೆ, ಬಲಕ್ಕೂ ತಿರುಗುತ್ತದೆ. ಇವಾನ್ಸ್ ಓಡಿಸಿದ ಟ್ರ್ಯಾಕುಗಳಲ್ಲಿ ಎಡಕ್ಕೆ ಮಾತ್ರ. ಅದಕ್ಕೇ ಕಾರನ್ನು ಬೇಕೆಂದೇ ಓರೆಯಾಗಿ ಕಟ್ಟುತ್ತಾರೆ. ಬಾಯಿ ಅಗಲವಿದ್ದು ತಳ ಕಿರಿದಾದ ಸ್ಟೀಲ್ ಲೋಟವನ್ನು ನೆಲದ ಮೇಲೆ ಅಡ್ಡ ಮಲಗಿಸಿ ಉರುಳಿಸಿ. ಅದು ತಳದ ಕಡೆಗೆ ಬಾಗಿ ಸುತ್ತು ಹೊಡೆಯುತ್ತದೆ. ಸ್ಟ್ಯಾಗರ್, ಅಂದರೆ ಬಲ ಮತ್ತು ಎಡ ಟೈರುಗಳ ಸುತ್ತಳತೆಯ ಅಂತರ, ಮಾಡುವುದು ಇದನ್ನೇ. ಹಿಂದಿನ ಎರಡೂ ಚಕ್ರ ಒಂದೇ ಆಕ್ಸೆಲ್‌ಗೆ ಬಿಗಿದು ಒಟ್ಟಿಗೇ ತಿರುಗುವುದರಿಂದ ಬಲಟೈರು ಎಡಟೈರಿಗಿಂತ ದೊಡ್ಡದಿರಲೇಬೇಕು. ಲೆಕ್ಕ ಕೊಡಿ, ಓದುಗರು ಹೆದರುವುದಿಲ್ಲ: ಒಳಚಕ್ರ 200 ಅಡಿ ತ್ರಿಜ್ಯದಲ್ಲಿ ಸುತ್ತಿ, ಎರಡು ಚಕ್ರಗಳ ನಡುವೆ 5 ಅಡಿ ಇದ್ದರೆ, ಹೊರಚಕ್ರ ಶೇ 2.5ರಷ್ಟು ಹೆಚ್ಚು ಓಡಬೇಕು. ಎಡಟೈರಿನ ಸುತ್ತಳತೆ 86 ಅಂಗುಲವಾದರೆ ಬಲದ್ದು 88 ಅಂಗುಲಕ್ಕೆ ತುಸು ಮೇಲೆ. ತ್ರಿಜ್ಯ 100 ಅಡಿಗೆ ಇಳಿದರೆ ಅಂತರ ನಾಲ್ಕು ಅಂಗುಲ ದಾಟುತ್ತದೆ. ಪೂರ್ತಿ ಅಷ್ಟೇ ಕೊಟ್ಟರೆ ನೇರ ದಾರಿಯಲ್ಲಿ ಕಾರು ಎಡಕ್ಕೆ ಎಳೆಯುತ್ತಾ ಟೈರು ತಿನ್ನುತ್ತದೆ. ಹಾಗಾಗಿ ಎಲ್ಲರೂ ನಡುವೆ ಎಲ್ಲೋ ರಾಜಿಗೆ ಬರುತ್ತಾರೆ.

ಕಷ್ಟ ಶುರುವಾಗುವುದು ಟೈರು ಬಿಸಿಯೇರಿದ ಮೇಲೆ. ಎಡ ತಿರುವಿನಲ್ಲಿ ಭಾರವೆಲ್ಲ ಬಲಕ್ಕೆ ವಾಲುತ್ತದೆ, ಬಲ ಹಿಂಟೈರಿನ ಗಾಳಿ ಎಡದ್ದಕ್ಕಿಂತ ಹೆಚ್ಚು ಉಬ್ಬುತ್ತದೆ, ಸುತ್ತಳತೆ ಬೆಳೆಯುತ್ತದೆ, ಸ್ಟ್ಯಾಗರ್ ತಾನಾಗಿ ಏರುತ್ತದೆ. ಹತ್ತನೇ ಲ್ಯಾಪಿನಲ್ಲಿ ಚೆನ್ನಾಗಿದ್ದ ಕಾರು ನಲವತ್ತನೆಯದರಲ್ಲಿ ಲೂಸ್ ಆಗಿ ಹಿಂಭಾಗ ಹೊರಕ್ಕೆ ಜಾರುವುದಕ್ಕೆ ಇದೊಂದು ಕಾರಣ. ತೇವದ ಗಾಳಿ ತುಂಬಿದ್ದರೆ ಎಷ್ಟು ಉಬ್ಬೀತೆಂದು ಹೇಳಲೂ ಆಗದು. ತಿಳಿದವರು ಟೈರು ತಣ್ಣಗಿದ್ದಾಗ ಒಮ್ಮೆ, ಟ್ರ್ಯಾಕಿನಿಂದ ಬಂದ ತಕ್ಷಣ ಇನ್ನೊಮ್ಮೆ ಟೇಪು ಸುತ್ತಿ ಅಳೆಯುತ್ತಾರೆ. ನಿಮ್ಮ ಲೇಖನದ ‘ಕೊನೆಯ ಸುತ್ತುಗಳಲ್ಲಿ ಅದ್ಭುತ ಚಾಲನೆ’ ಎಂಬ ಸಾಲಿನ ಜಾಗದಲ್ಲಿ ಈ ಟೇಪು ಬರಲಿ.

ಭಾರದ ಹಂಚಿಕೆಗೆ ಒಂದೇ ಪ್ಯಾರಾ ಸಾಕು. ಬಲ ಮುಂಚಕ್ರ ಮತ್ತು ಎಡ ಹಿಂಚಕ್ರದ ಭಾರ ಕೂಡಿಸಿ ಒಟ್ಟು ಭಾರದಿಂದ ಭಾಗಿಸಿ. 2600 ಪೌಂಡಿನ ಕಾರಿನಲ್ಲಿ ಅವೆರಡೂ ಸೇರಿ 1340 ಇದ್ದರೆ ಶೇ 51.5. ಎಡ ಹಿಂಬದಿ ಸ್ಪ್ರಿಂಗಿನ ತಿರುಪು ಬಿಗಿದರೆ ಈ ಅಂಕಿ ಏರಿ ಕಾರು ಟೈಟ್ ಆಗುತ್ತದೆ, ಅಂದರೆ ಸ್ಟಿಯರಿಂಗ್ ತಿರುಗಿಸಿದರೂ ಮೂತಿ ಗೋಡೆಯತ್ತಲೇ ಹೋಗುತ್ತದೆ. ಸಡಿಲಿಸಿದರೆ ಲೂಸ್.

ಸಾವಿನ ಭಾಗವನ್ನು ದಯವಿಟ್ಟು ಹೊಸದಾಗಿ ಬರೆಯಿರಿ. ‘ವಿಧಿ ಕಾದು ಕುಳಿತಿತ್ತು’ ಬೇಡವೇ ಬೇಡ. ಮಾರ್ಟಿನ್ಸ್‌ವಿಲ್ 0.526 ಮೈಲಿಯ ಟ್ರ್ಯಾಕು, ಪೇಪರ್ ಕ್ಲಿಪ್ಪಿನ ಆಕಾರ: ಉದ್ದನೆಯ ನೇರ ದಾರಿ, ಕೂಡಲೇ ಬಿಗಿ ತಿರುವು. ಅಲ್ಲಿ ಬ್ರೇಕು ಹಿಡಿಯುವ ಜಾಗದಲ್ಲಿ ವೇಗ ಇಳಿಯದಿದ್ದರೆ ಮುಂದೆ ಗೋಡೆ. ಥ್ರಾಟಲ್ (ಎಂಜಿನ್ನಿನ ವೇಗ ಏರಿಳಿಸುವ ಭಾಗ) ಸಿಕ್ಕಿಕೊಂಡಿತ್ತು ಎಂಬುದು ಆ ವಲಯದಲ್ಲಿ ಹಲವರ ಅಭಿಪ್ರಾಯ, ಅಭಿಪ್ರಾಯವೆಂದೇ ಬರೆಯಿರಿ. ಆ ಕಾಲದ ಚೌಕಟ್ಟುಗಳು ತೀರಾ ಗಡುಸು. ಮುಂಭಾಗ ಮಡಚಿಕೊಂಡು ಹೊಡೆತ ನುಂಗುತ್ತಿರಲಿಲ್ಲ, ಅಷ್ಟೂ ಹೊಡೆತ ಚಾಲಕನ ಮೈಗೇ ಬೀಳುತ್ತಿತ್ತು. ಇದನ್ನು ವಿವರಿಸಿದರೆ ಓದುಗರ ಎದೆ ತಾನಾಗಿ ಭಾರವಾಗುತ್ತದೆ, ನೀವು ಅವರನ್ನು ಅಳುವಂತೆ ಮಾಡಬೇಕಿಲ್ಲ.

ಹದಿನಾರಕ್ಕೆ ಹೊಲದ ಕೆಲಸ ಬಿಟ್ಟು ಗ್ಯಾರೇಜು ಸೇರಿದ ಹುಡುಗನ ಭಾಗ ಚೆನ್ನಾಗಿದೆ. ಅದನ್ನು ಮುಟ್ಟಬೇಡಿ, ಆದರೆ ಅದರಿಂದ ಆರಂಭಿಸಬೇಡಿ. ಟ್ರ್ಯಾಕಿನಿಂದ ಈಗಷ್ಟೇ ಬಂದ ಕಾರು, ಬಲ ಹಿಂಟೈರಿಗೆ ಸುತ್ತಿದ ಟೇಪು, ಅಲ್ಲಿಂದ ಶುರು ಮಾಡಿ. 2012ರಲ್ಲಿ ನ್ಯಾಸ್ಕಾರ್ ಹಾಲ್ ಆಫ್ ಫೇಮ್‌ಗೆ ಸೇರಿದ್ದಕ್ಕೆ ಒಂದು ವಾಕ್ಯ, ಅವರ ಕಿತ್ತಳೆ ಬಣ್ಣದ 61ನೇ ಸಂಖ್ಯೆಯ ಕಾರಿಗೆ ಇನ್ನೊಂದು. ಒಟ್ಟು 1500 ಪದ ಮೀರದಂತೆ ತಿದ್ದಿ, ತಿಂಗಳೊಳಗೆ ಕಳಿಸಿಕೊಡಿ.

ವಿಶ್ವಾಸದಿಂದ,
ಸಂಪಾದಕ ಬಳಗ